ಸೌಂಡ್ ಕಾರ್ಡ್ ಕೊಳ್ಳುವ ಮೊದಲು ಅರ್ತಿಂಗ್ ನೋಡಿ: ಉಡುಪಿಯ ಶೀಟ್ ಮಾಡಿನ ಕೆಳಗೆ ಗೇಮಿಂಗ್ ಆಡಿಯೋ

ಕುಂಜಿಬೆಟ್ಟಿನ ನಮ್ಮ ಮನೆಯ ಮೇಲಿನ ಕೋಣೆಗೆ ತಾರಸಿ ಇಲ್ಲ, ಶೀಟ್ ಹಾಕಿದ್ದೇವೆ. ನನ್ನ ಪಿಸಿ ಇರುವುದು ಅಲ್ಲೇ. ಊಟ ಆದ ಮೇಲೆ ನಾನು, ಕುಂದಾಪುರದ ಒಬ್ಬ ಗೆಳೆಯ, ದುಬೈಯಲ್ಲಿರುವ ಇನ್ನೊಬ್ಬ ಗೆಳೆಯ ಸೇರಿ ಕೌಂಟರ್ ಸ್ಟ್ರೈಕ್ 2 ಅನ್ನುವ ಗುಂಡಿನ ಆಟ ಆಡುತ್ತೇವೆ. ಈ ಆಟದಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗಬೇಕು. ಹೆಜ್ಜೆ ಎಡಕ್ಕಾ ಬಲಕ್ಕಾ, ಮೇಲಾ ಕೆಳಗಾ, ಅಷ್ಟು ಗೊತ್ತಾದರೆ ಅರ್ಧ ಆಟ ಗೆದ್ದ ಹಾಗೆ.

ಈಗ ನನ್ನ ಮೇಜಿನ ಮೇಲೆ ಇರುವುದು ಸೆನ್‌ಹೈಸರ್ ಎಚ್‌ಡಿ 560ಎಸ್ ಹೆಡ್‌ಫೋನ್ ಮತ್ತು ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್‌ಎಕ್ಸ್ ಜಿ6 ಅನ್ನುವ ಸೌಂಡ್ ಕಾರ್ಡ್. ಎರಡೂ ಎಂಟು ತಿಂಗಳಿಂದ ನನ್ನ ಹತ್ತಿರ ಇವೆ. ಎರಡೂ ನನಗೆ ತುಂಬಾ ಇಷ್ಟ. ಆದರೆ ಇವೆರಡರಲ್ಲಿ ಒಂದು ಮಾತ್ರ ನನಗೆ ನಿಜಕ್ಕೂ ಬೇಕಾಗಿತ್ತು. ಅದು ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ಶುರುವಾದದ್ದು ಒಂದು ದೂರಿನಿಂದ. ದುಬೈ ಗೆಳೆಯ ದಿನಾ ಹೇಳುತ್ತಿದ್ದ, "ಮಾರಾಯ, ನಿನ್ನ ಮೈಕಿನಲ್ಲಿ ಎಂತದು ಗುಂಯ್ ಅಂತ? ಜೇನುಗೂಡಿನ ಪಕ್ಕ ಕೂತಿದ್ದೀಯಾ?" ನನ್ನ ಕಿವಿಗೆ ಬೇರೆಯೇ ಕಿರಿಕಿರಿ. ಮೌಸ್ ಆಡಿಸಿದರೆ ಆಗ ನನ್ನಲ್ಲಿದ್ದ ಹಳೆ ಹೆಡ್‌ಸೆಟ್‌ನಲ್ಲಿ ಚಿರ್ ಚಿರ್ ಅನ್ನುವ ಸಣ್ಣ ಸದ್ದು. ಗೇಮ್ ಶುರುವಾಗಿ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಜಾಸ್ತಿ ಆದರೆ ಆ ಸದ್ದೂ ಜಾಸ್ತಿ. ಹೆಡ್‌ಸೆಟ್ ಹಾಳಾಗಿದೆ ಅಂದುಕೊಂಡೆ. ಹೇಗೂ ಅದರ ಕುಶನ್‌ನ ಕಪ್ಪು ರೆಕ್ಸಿನ್ ನಮ್ಮ ಸೆಕೆಗೆ ಸಿಪ್ಪೆ ಸುಲಿದು ಕೆನ್ನೆಗೆಲ್ಲ ಅಂಟುತ್ತಿತ್ತು.

ಆಮೇಲೆ ಒಂದು ದಿನ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಂ ಅಂದಿತು. ಅದೇ ಹೊತ್ತಿಗೆ ಮೈಕಿನ ಗುಂಯ್ ಬದಲಾಯಿತು ಅಂತ ಆ ಕಡೆಯಿಂದ ಗೆಳೆಯ ಹೇಳಿದ. ಆಗ ತಲೆಗೆ ಹೊಳೆದದ್ದು ಅರ್ತಿಂಗ್. ಪಿಸಿಗೆ ಕರೆಂಟ್ ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್‌ನಲ್ಲಿ, ಕರೆಂಟಿನ ಗಲಾಟೆ ಸೋಸುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಸೋಸಿದ್ದನ್ನು ಅವು ಅರ್ತ್ ವಯರಿಗೆ ಬಿಡುತ್ತವೆ. ಅರ್ತ್ ಸರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನಲ್ಲೇ ಉಳಿದು, ಮುಟ್ಟಿದರೆ ಜುಂ ಅನ್ನುತ್ತದೆ, ಮೈಕಿಗೂ ನುಗ್ಗುತ್ತದೆ. ಅದು ಏಪ್ರಿಲ್ ತಿಂಗಳು. ನಮ್ಮದು ಮುರಕಲ್ಲಿನ ನೆಲ, ಅರ್ತ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಎಲೆಕ್ಟ್ರಿಷಿಯನ್ ಬಂದು ತುಕ್ಕು ಹಿಡಿದ ವಯರ್ ಬದಲಾಯಿಸಿ, ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದರು. ಅವತ್ತು ರಾತ್ರಿಯೇ ಗುಂಯ್ ನಿಂತಿತು. ನಿಮಗೂ ಹೀಗೆ ಕೈ ಜುಂ ಅಂದರೆ ದಯವಿಟ್ಟು ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಇದು ಸೌಂಡ್ ವಿಷಯಕ್ಕಿಂತ ಜೀವದ ವಿಷಯ.

ಮೌಸಿನ ಚಿರ್ ಚಿರ್ ಮಾತ್ರ ಹೋಗಲಿಲ್ಲ. ಕ್ಯಾಬಿನೆಟ್ಟಿನ ಮುಂದಿನ ಜ್ಯಾಕ್ ಬಿಟ್ಟು ಹಿಂದಿನ ಹಸಿರು ಜ್ಯಾಕಿಗೆ ಹಾಕಿದೆ. ಸುಮಾರು ಕಡಿಮೆಯಾಯಿತು. ಮುಂದಿನ ಜ್ಯಾಕಿನ ಸಪೂರ ವಯರ್ ಗ್ರಾಫಿಕ್ಸ್ ಕಾರ್ಡಿನ ಕೆಳಗೇ ಹಾದು ಹೋಗುತ್ತದೆ, ದಾರಿಯ ಗಲಾಟೆಯನ್ನೆಲ್ಲ ಹೊತ್ತು ತರುತ್ತದೆ. ಆಮೇಲೆ ತಂಗಿಯ ಫೋನಿನ ಟೈಪ್ ಸಿ ಡಾಂಗಲ್ ಪಿಸಿಗೆ ಚುಚ್ಚಿ, ಅದರಲ್ಲಿ ಹೆಡ್‌ಸೆಟ್ ಹಾಕಿದೆ. ಪೂರ್ತಿ ನಿಶ್ಶಬ್ದ! ಸಾವಿರ ರೂಪಾಯಿಯ ಒಳಗಿನ ಆ ಚಿಕ್ಕ ಡಾಂಗಲ್ ಕೂಡ ಒಂದು ಸೌಂಡ್ ಕಾರ್ಡೇ. ಅದರೊಳಗೆ ಅಂಕಿಯನ್ನು ಸದ್ದು ಮಾಡುವ ಡ್ಯಾಕ್ ಇದೆ, ಸದ್ದಿಗೆ ಬಲ ಕೊಡುವ ಪುಟ್ಟ ಆಂಪ್ ಇದೆ. ಅದು ಪಿಸಿಯ ಮದರ್‌ಬೋರ್ಡಿನ ಗಲಾಟೆಯಿಂದ ಹೊರಗಿದೆ, ಅಷ್ಟೇ ಗುಟ್ಟು.

ದೊಡ್ಡ ಸೌಂಡ್ ಕಾರ್ಡ್ ಹಾಕಿದರೆ ಗೇಮಿನ ಸದ್ದೇ ಬದಲಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. ಸಿಂಗಾಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಮೊದಲ ಸೌಂಡ್ ಬ್ಲಾಸ್ಟರ್ ತಂದಾಗ ಸುಮಾರು ಪಿಸಿಗಳಿಗೆ ಬೀಪ್ ಬಿಟ್ಟು ಬೇರೆ ಸದ್ದೇ ಗೊತ್ತಿರಲಿಲ್ಲ. ಮುಂದೆ ಗುಹೆಯ ಮಾರ್ದನಿ, ಹಿಂದಿನಿಂದ ಬರುವ ಸದ್ದು ಇದನ್ನೆಲ್ಲ ಕಾರ್ಡೇ ಲೆಕ್ಕ ಹಾಕುತ್ತಿತ್ತು. ಗೇಮಿನ ಸದ್ದು ಸಾಗಿಸುವ ವಿಂಡೋಸ್‌ನ ಭಾಗ ಡೈರೆಕ್ಟ್‌ಸೌಂಡ್. ವಿಂಡೋಸ್ ವಿಸ್ತಾದಲ್ಲಿ ಅದು ಕಾರ್ಡನ್ನು ನೇರ ಮುಟ್ಟುವ ದಾರಿ ಮುಚ್ಚಿತು. ಈಗ ಆ ಲೆಕ್ಕವನ್ನೆಲ್ಲ ಗೇಮು ಪ್ರೊಸೆಸರಿನಲ್ಲೇ ಮಾಡಿ ಮುಗಿಸುತ್ತದೆ. ಕಾರ್ಡಿನ ಕೆಲಸ ಬಂದದ್ದನ್ನು ಕೆಡಿಸದೆ ಹೆಡ್‌ಫೋನಿಗೆ ತಲುಪಿಸುವುದು. ಆದ್ದರಿಂದ ನಿಮ್ಮ ಬೋರ್ಡಿನ ಹಿಂದಿನ ಜ್ಯಾಕಿನಲ್ಲಿ ಗಲಾಟೆ ಇಲ್ಲ, ವಾಲ್ಯೂಮ್ ಸಾಕಾಗುತ್ತದೆ ಅಂದರೆ ಸೌಂಡ್ ಕಾರ್ಡಿನ ದುಡ್ಡನ್ನೂ ಹೆಡ್‌ಫೋನಿಗೇ ಹಾಕಿ.

ಹೆಡ್‌ಫೋನ್ ಆರಿಸಲು ಮಂಗಳೂರಿಗೆ ಹೋದೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಹಂಪನಕಟ್ಟೆಯಲ್ಲಿ ಇಳಿದು ನಾಲ್ಕು ಅಂಗಡಿ ಸುತ್ತಿದೆ. ಮೂರು ಕಡೆ ಡಬ್ಬ ಒಡೆಯಲು ಒಪ್ಪಲಿಲ್ಲ. ತಲೆಗೆ ಹಾಕಿ ಕೇಳದೆ ಅಷ್ಟು ದುಡ್ಡು ಹೇಗೆ ಕೊಡುವುದು ಅಲ್ವಾ? ನಾಲ್ಕನೆಯದರಲ್ಲಿ ಡೆಮೊ ಪೀಸ್‌ಗಳು ಇದ್ದವು. ಅಂಗಡಿಯವರು ಸ್ಟೂಲ್ ಎಳೆದು ಕೊಟ್ಟು, "ಕೂತುಕೊಳ್ಳಿ, ಅರ್ಜೆಂಟ್ ಇಲ್ಲ" ಅಂದರು. ನಾನು ಹಾಕಿದ್ದು ಅಪ್ಪ ಬಯಲಾಟದಲ್ಲಿ ಕೂತು ಒಳ್ಳೆ ರೆಕಾರ್ಡರಿನಲ್ಲಿ ಹಿಡಿದ ಯಕ್ಷಗಾನ. ಚೆಂಡೆ ಏರಿದಾಗ ಕೆಳಗಿನ ಮದ್ದಳೆಯ ಬೆರಳು ಕೇಳುತ್ತದಾ, ತಾಳ ಬೇರೆಯಾಗಿ ನಿಲ್ಲುತ್ತದಾ, ಇದೇ ನನ್ನ ಪರೀಕ್ಷೆ. ಗುಂಡಿನ ಸದ್ದಿನ ನಡುವೆ ಹೆಜ್ಜೆ ಕೇಳುವುದೂ ಇದೇ ಲೆಕ್ಕ. ಗೇಮಿಂಗ್ ಅಂತ ಬರೆದು ಬಣ್ಣದ ದೀಪ ಹಾಕಿದ್ದ ಎರಡು ಹೆಡ್‌ಸೆಟ್‌ಗಳಲ್ಲಿ ಚೆಂಡೆ ಎದೆಗೆ ಗುದ್ದಿತು, ಮದ್ದಳೆ ಮುಳುಗಿತು. ಎಚ್‌ಡಿ 560ಎಸ್ ಹಾಕಿದಾಗ ಭಾಗವತರು ಒಂದು ಕಡೆ, ಮದ್ದಳೆ ಒಂದು ಕಡೆ, ಚೆಂಡೆ ಇನ್ನೊಂದು ಕಡೆ ಕೂತರು. ನನಗೆ ಮೈ ಜುಮ್ಮೆಂದಿತು.

ಇದು ಓಪನ್ ಬ್ಯಾಕ್ ಹೆಡ್‌ಫೋನ್. 2020ರಲ್ಲಿ ಬಂದದ್ದು, ತೂಕ 240 ಗ್ರಾಂ. ಕಿವಿಯ ಹೊರಬದಿಗೆ ಜಾಲರಿ ಇರುವುದರಿಂದ ಸದ್ದು ಬಿಡುವಾಗಿ ಕೇಳುತ್ತದೆ, ಗಾಳಿಯೂ ಆಡುತ್ತದೆ. ಕುಶನ್ ವೆಲ್ವೆಟ್ ಥರದ ಬಟ್ಟೆ. ಮೇ ತಿಂಗಳ ಸೆಕೆಯಲ್ಲಿ ಎರಡು ಗಂಟೆ ಹಾಕಿದರೂ ಕಿವಿ ಬೆವರಿ ಅಂಟುವುದಿಲ್ಲ. ಕರಾವಳಿಯವರಿಗೆ ಇದು ಸಣ್ಣ ವಿಷಯ ಅಲ್ಲ. ಗೇಮಿನಲ್ಲಿ ಮೊದಲ ದಿನವೇ ವ್ಯತ್ಯಾಸ ತಿಳಿಯಿತು. ಇನ್‌ಫರ್ನೋ ಮ್ಯಾಪಿನ ಬನಾನಾ ದಾರಿಯಲ್ಲಿ ಬರುವವನು ಎಷ್ಟು ದೂರದಲ್ಲಿದ್ದಾನೆ ಅಂತ ಹೇಳಬಲ್ಲೆ. ನ್ಯೂಕ್ ಮ್ಯಾಪಿನಲ್ಲಿ ಎರಡು ಬಾಂಬ್ ಜಾಗ ಒಂದರ ಮೇಲೊಂದು ಇವೆ. ಅಲ್ಲಿ ಮೇಲೆ ಕೆಳಗೆ ಈಗಲೂ ಒಮ್ಮೊಮ್ಮೆ ತಪ್ಪುತ್ತದೆ. ಆದರೆ ಮೊದಲಿನಷ್ಟು ಇಲ್ಲ.

ಇಲ್ಲಿ 7.1ರ, ಅಂದರೆ ಸುತ್ತಲೂ ಸ್ಪೀಕರ್ ಇಟ್ಟ ಹಾಗೆ ಕೇಳಿಸುವ ಸರೌಂಡ್ ಸದ್ದಿನ, ಮಾತು ಹೇಳಲೇಬೇಕು. ಹೆಡ್‌ಫೋನಿನಲ್ಲಿ ಕಿವಿಗೊಂದರಂತೆ ಸದ್ದು ಹೊರಡಿಸುವ ಎರಡು ಡ್ರೈವರ್ ಸಾಕು, ಯಾಕೆಂದರೆ ನಮಗೆ ಇರುವುದೂ ಎರಡೇ ಕಿವಿ. ಬಲಗಡೆಯ ಸದ್ದು ಎಡಗಿವಿಗೆ ತಲುಪಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ತಡವಾಗುತ್ತದೆ, ಕಿವಿಯ ಮಡಿಕೆ ಸದ್ದನ್ನು ಸ್ವಲ್ಪ ಬದಲಿಸುತ್ತದೆ. ಮೆದುಳು ಇದರಿಂದಲೇ ದಿಕ್ಕು ಹಿಡಿಯುತ್ತದೆ. ಗೇಮು ಇದನ್ನೇ ಲೆಕ್ಕ ಹಾಕಿ ಕೊಡುವುದಕ್ಕೆ ಎಚ್‌ಆರ್‌ಟಿಎಫ್ ಅನ್ನುತ್ತಾರೆ. ಕೌಂಟರ್ ಸ್ಟ್ರೈಕ್ 2ರಲ್ಲಿ ಇದು ಒಳಗೇ ಇದೆ. ಇದೇ ಥರದ ಇನ್ನೊಂದು ಆಟ ವ್ಯಾಲೊರಂಟ್‌ಗೆ 2021ರಲ್ಲಿ ಬಂತು. ಇದರ ಮೇಲೆ ಮತ್ತೆ ಕಾರ್ಡಿನ 7.1 ಹಾಕಿದರೆ ಒಂದು ಲೆಕ್ಕದ ಮೇಲೆ ಇನ್ನೊಂದು ಲೆಕ್ಕ ಬಿದ್ದು, ಹೆಜ್ಜೆ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ನಾನು ಒಂದು ವಾರ ಹೀಗೇ ಆಡಿದ್ದೆ. ಈ ಎರಡು ಗೇಮ್ ಆಡುವವರು ಕಾರ್ಡಿನ 7.1 ಬಂದ್ ಮಾಡಿ ಸ್ಟೀರಿಯೋದಲ್ಲಿ ಇಡಿ. ಒಳಗೆ ಎಚ್‌ಆರ್‌ಟಿಎಫ್ ಇಲ್ಲದ ಹಳೆಯ ಗೇಮ್, ಸಿನಿಮಾ ಇವುಗಳಿಗೆ ಆನ್ ಮಾಡಿದರೆ ಚೆನ್ನಾಗಿರುತ್ತದೆ.

ಹಾಗಾದರೆ ಜಿ6 ಯಾಕೆ ತಗೊಂಡೆ? ಒಳಗೆ ಕೂರುವ ಕಾರ್ಡ್ ಹಾಕೋಣ ಅಂತಲೇ ಮೊದಲು ಕೇಳಿದ್ದು. ಅಂಗಡಿಯವರು, "ನಿಮ್ಮ ಬೋರ್ಡಿನಲ್ಲಿ ಸಣ್ಣ ಸ್ಲಾಟ್ ಖಾಲಿ ಉಂಟಾ? ಮನೆಗೆ ಹೋಗಿ ಒಂದು ಫೋಟೋ ಕಳಿಸಿ ಮಾರ್ರೆ" ಅಂದರು. ನೋಡಿದರೆ ದಪ್ಪ ಗ್ರಾಫಿಕ್ಸ್ ಕಾರ್ಡ್ ಆ ಸ್ಲಾಟನ್ನು ಮುಚ್ಚಿಬಿಟ್ಟಿತ್ತು. ಕಾರ್ಡ್ ಮಾರಿ ಕೈ ತೊಳೆದುಕೊಳ್ಳಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ನಾನು ಹೆಡ್‌ಫೋನನ್ನೂ ಆಮೇಲೆ ಜಿ6 ಅನ್ನೂ ಅವರಲ್ಲೇ ಕೊಂಡದ್ದು ಇದಕ್ಕೇ.

ಜಿ6 ಯುಎಸ್‌ಬಿಯಲ್ಲಿ ಹೊರಗೆ ಕೂರುತ್ತದೆ. ಹೆಡ್‌ಫೋನಿಗೊಂದು, ಮೈಕಿಗೊಂದು ಜ್ಯಾಕ್ ಇದೆ. ಎಚ್‌ಡಿ 560ಎಸ್‌ಗೆ ಮೈಕ್ ಇಲ್ಲ, ಅಂಗಿಗೆ ಸಿಕ್ಕಿಸುವ ಕ್ಲಿಪ್ ಮೈಕನ್ನು ಇದಕ್ಕೇ ಹಾಕಿದ್ದೇನೆ. ಕತ್ತಲಲ್ಲೂ ಕೈಗೆ ಸಿಗುವ ದೊಡ್ಡ ವಾಲ್ಯೂಮ್ ಗುಂಡಿ ನನಗೆ ಬಹಳ ಇಷ್ಟ. ಅಮ್ಮ ಕೆಳಗಿಂದ ಕರೆದರೆ ತಟ್ಟನೆ ತಿರುಗಿಸುತ್ತೇನೆ. ಇದರ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ಓಮ್‌ನಲ್ಲಿ) 1 ಓಮ್, 600 ಓಮ್ ತನಕದ ಹೆಡ್‌ಫೋನ್ ಓಡಿಸುತ್ತದೆ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಆಂಪ್‌ನದು ಕಡಿಮೆ ಇದ್ದರೆ ಸದ್ದಿನ ಬಣ್ಣ ಕೆಡುವುದಿಲ್ಲ ಅನ್ನುವ ಲೆಕ್ಕಕ್ಕೆ ಇದು ಧಾರಾಳ. 384 ಕಿಲೋಹರ್ಟ್ಸ್ ಅಂತ ಡಬ್ಬದ ಮೇಲೆ ಇದೆ. ಅದಕ್ಕೆ ದುಡ್ಡು ಕೊಡಬೇಡಿ. ಮನುಷ್ಯನ ಕಿವಿ ಮುಗಿಯುವುದೇ 20 ಕಿಲೋಹರ್ಟ್ಸ್ ಹತ್ತಿರ. ವಿಂಡೋಸ್‌ನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟರೆ ಸಾಕು.

ನಿಜ ಹೇಳಬೇಕೆಂದರೆ, 120 ಓಮ್‌ನ ಎಚ್‌ಡಿ 560ಎಸ್ ಆ ಪುಟ್ಟ ಡಾಂಗಲ್‌ನಲ್ಲೂ ಜೋರಾಗಿಯೇ ಹಾಡಿತು. ವಾಲ್ಯೂಮ್ 70ರ ಮೇಲೆ ಇಡಬೇಕಾಗಲಿಲ್ಲ. ಕಣ್ಣು ಮುಚ್ಚಿಕೊಂಡು, ತಂಗಿಯಿಂದ ವಯರ್ ಬದಲಾಯಿಸಿ ಕೇಳಿದೆ. ಎರಡಕ್ಕೂ ವ್ಯತ್ಯಾಸ ಹೇಳಲು ನನ್ನಿಂದ ಆಗಲಿಲ್ಲ. 250 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 990 ಪ್ರೋ ಥರದ ಹೆಡ್‌ಫೋನ್ ಇದ್ದವರಿಗೆ, ಮೈಕು, ಗುಂಡಿ, ಆಪ್ಟಿಕಲ್ ವಯರ್ ಎಲ್ಲ ಒಂದೇ ಕಡೆ ಬೇಕಾದವರಿಗೆ ಜಿ6 ಸರಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಡಾಂಗಲ್ ಸಾಕು, ಹೆಡ್‌ಫೋನಿನಲ್ಲಿ ಮಾತ್ರ ಜಿಪುಣತನ ಬೇಡ. ಬ್ಲೂಟೂತ್ ಹೆಡ್‌ಫೋನ್ ಗೇಮಿಗೆ ಬೇಡವೇ ಬೇಡ. ಸದ್ದು ತಡವಾಗಿ ಬರುತ್ತದೆ, ಮೈಕ್ ಆನ್ ಆದ ಕೂಡಲೇ ಕ್ವಾಲಿಟಿಯೂ ಬೀಳುತ್ತದೆ. ವಯರ್ ಬೇಡ ಅನ್ನುವವರು ಸ್ವಂತ 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದನ್ನೇ ನೋಡಿ.

ಇನ್ನು ಮಳೆ. ಜೂನ್ ಎರಡನೇ ವಾರ ಶೀಟಿನ ಮೇಲೆ ಮಳೆ ಬಿದ್ದಾಗ ಓಪನ್ ಬ್ಯಾಕ್ ಹೆಡ್‌ಫೋನಿನ ಜಾಲರಿಯಿಂದ ಇಡೀ ಆಷಾಢ ಒಳಗೆ ಬಂತು. ಹೆಜ್ಜೆಯೂ ಇಲ್ಲ, ಗುಂಡೂ ಇಲ್ಲ, ಬರೀ ಮಳೆ. ಮಳೆ ಸದ್ದು ಮೀರಿಸಲು ವಾಲ್ಯೂಮ್ ಏರಿಸುವುದು ಕಿವಿಗೆ ಅಪಾಯ, ನಾನು ಆ ದಾರಿಗೆ ಹೋಗಲಿಲ್ಲ. ದೊಡ್ಡಮ್ಮನ ಮಗನ ಹತ್ತಿರ ಡಿಟಿ 770 ಪ್ರೋ ಇತ್ತು, 80 ಓಮ್‌ನದು, ಕ್ಲೋಸ್ಡ್ ಬ್ಯಾಕ್, ಅಂದರೆ ಹೊರಬದಿ ಮುಚ್ಚಿದ್ದು. ಮೂರು ತಿಂಗಳಿಗೆ ಕೇಳಿ ತಂದೆ. ಮಳೆ ದೂರ ಸರಿಯಿತು. ಬಾಸ್ ಸ್ವಲ್ಪ ಜಾಸ್ತಿ, ಗ್ರೆನೇಡ್ ಸಿಡಿದಾಗ ಹೆಜ್ಜೆ ಕೊಂಚ ಮುಳುಗುತ್ತದೆ. ಆದರೂ ಮಳೆಗಾಲ ಪೂರ್ತಿ ಅದರಲ್ಲೇ ಆಡಿದೆ. ನಿಮ್ಮದೂ ಶೀಟಿನ ಕೋಣೆಯಾದರೆ, ಒಂದೇ ಹೆಡ್‌ಫೋನ್ ಕೊಳ್ಳುವುದಾದರೆ, ಕ್ಲೋಸ್ಡ್ ಬ್ಯಾಕೇ ತಗೊಳ್ಳಿ ಅಂತ ನಾನು ಹೇಳುತ್ತೇನೆ. ತಾರಸಿ ಮನೆಯವರು ಕಣ್ಣು ಮುಚ್ಚಿ ಎಚ್‌ಡಿ 560ಎಸ್ ತಗೊಳ್ಳಬಹುದು.

ಆ ಮೂರು ತಿಂಗಳು ಎಚ್‌ಡಿ 560ಎಸ್ ಅನ್ನು ಮುಚ್ಚಳ ಇರುವ ಸ್ಟೀಲ್ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟಿದ್ದೆ. ಮೊದಲು ಅದರಲ್ಲಿ ಅಮ್ಮನ ಹಪ್ಪಳ ಇತ್ತು. ಸೆಪ್ಟೆಂಬರ್ ಕೊನೆಗೆ ತೆಗೆದಾಗ ಕುಶನ್‌ನಲ್ಲಿ ಬೂಸ್ಟು ಇರಲಿಲ್ಲ, ಪಿನ್ನಿನಲ್ಲಿ ಕಿಲುಬೂ ಇರಲಿಲ್ಲ.