ಕರಾವಳಿಯ ನರ್ಸಿಂಗ್ ಹೋಮ್‌ಗಳಲ್ಲಿ ಸ್ಟಾಫ್ ನರ್ಸ್ ನೌಕರಿ ಹೇಗಿದೆ?

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗಿನ ಖಾಸಗಿ ನರ್ಸಿಂಗ್ ಹೋಮ್‌ಗಳು ಹೊಸದಾಗಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ಕೈ ಪಳಗಿಸಿಕೊಳ್ಳಲು ಒಳ್ಳೆಯ ಜಾಗ. ಹೆರಿಗೆ, ಅಪಘಾತ, ಹಾವು ಕಡಿತ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆದರೆ ಸಂದರ್ಶನದಲ್ಲಿ ಸಂಬಳ ಒಂದನ್ನೇ ಕೇಳಿ ಎದ್ದು ಬರಬೇಡಿ. ಹೋದ ತಿಂಗಳ ನೈಟ್ ಡ್ಯೂಟಿ ರೋಸ್ಟರ್ ತೋರಿಸಿ ಎನ್ನಿ.

ಸಾಮಾನ್ಯ ವಾರ್ಡಿನಲ್ಲಿ 5 ಹಾಸಿಗೆಗೆ ಒಬ್ಬ ನರ್ಸ್, ಐಸಿಯುನಲ್ಲಿ ಹಾಸಿಗೆಗೊಬ್ಬರು, ರಜೆ ತುಂಬಲು ಶೇ 30 ಹೆಚ್ಚುವರಿ ಎನ್ನುವುದು ನರ್ಸಿಂಗ್ ಕೌನ್ಸಿಲ್ ಲೆಕ್ಕ. ಸಣ್ಣ ಆಸ್ಪತ್ರೆಯಲ್ಲಿ ಅಷ್ಟು ಸಿಗುವುದು ಕಷ್ಟ, ಇರಲಿ. ರೋಸ್ಟರಿನಲ್ಲಿ ವಾರ್ಡು, ಕ್ಯಾಜುವಾಲ್ಟಿ, ಲೇಬರ್ ರೂಂ ಮೂರಕ್ಕೂ ಒಂದೇ ಹೆಸರು ಬರೆದಿದ್ದರೆ ಮಾತ್ರ ಆ ಕಡೆ ತಲೆ ಹಾಕಬೇಡಿ. ಒಂದು ಹೆರಿಗೆ ಬಂತೆಂದರೆ ವಾರ್ಡಿನ ಡ್ರಿಪ್ ಮುಗಿದದ್ದನ್ನು ನೋಡುವವರೇ ಇರುವುದಿಲ್ಲ.

ಈ ಜಿಲ್ಲೆಯ ಅಸಲಿ ತಲೆನೋವು ಎಸ್ಕಾರ್ಟ್ ಡ್ಯೂಟಿ. ಸೀರಿಯಸ್ ಕೇಸ್ ಎಂದರೆ ಹುಬ್ಬಳ್ಳಿ, ಮಣಿಪಾಲ ಇಲ್ಲವೇ ಗೋವಾ. ರೋಗಿಯ ಜೊತೆಗೆ ಆಂಬುಲೆನ್ಸ್ ಹತ್ತುವವರು ನರ್ಸ್. ಕಾರವಾರದಿಂದ ಹುಬ್ಬಳ್ಳಿಗೆ ಸುಮಾರು 165 ಕಿ.ಮೀ., ಅರಬೈಲ್ ಘಟ್ಟ ಹತ್ತಿ ಹೋಗುವಷ್ಟರಲ್ಲಿ ಮೂರು ತಾಸು ದಾಟುತ್ತದೆ. ಆಂಬುಲೆನ್ಸ್‌ನ ಬಿ-ಟೈಪ್ (ಚಿಕ್ಕ ಗಾತ್ರದ) ಸಿಲಿಂಡರ್ ತುಂಬಿದ್ದರೂ ಅದರಲ್ಲಿರುವುದು ಸುಮಾರು 1,500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಎರಡೂವರೆ ತಾಸಿಗೆ ಖಾಲಿ, ಅಂದರೆ ದಾರಿಯಲ್ಲೇ. ಆಂಬುಲೆನ್ಸ್‌ನಲ್ಲಿ ಎರಡನೇ ಸಿಲಿಂಡರ್ ಇದೆಯೇ, ಅದರ ವಾಲ್ವ್ ತಿರುಗಿಸುವ ಕೀ ಗಾಡಿಯಲ್ಲೇ ಇದೆಯೇ ನೋಡಿ. ಮರಳುವ ಬಸ್ ಚಾರ್ಜು ಯಾರದು, ರಾತ್ರಿಯಿಡೀ ಹೋಗಿ ಬಂದರೆ ಮರುದಿನ ಆಫ್ ಇದೆಯೇ ಎನ್ನುವುದನ್ನು ನೇಮಕಾತಿ ಆರ್ಡರ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಮಳೆಗಾಲದಲ್ಲಿ ಘಟ್ಟದ ಮಣ್ಣಿನ ಹಾಗೆ ಜಾರುತ್ತದೆ.

ವಾರ್ಡಿನ ಮೂಲೆಯಲ್ಲಿರುವ ಬಿಳಿ ಶಾರ್ಪ್ಸ್ ಡಬ್ಬಿಯನ್ನೂ (ಬಳಸಿದ ಸೂಜಿ, ಬ್ಲೇಡ್ ಹಾಕುವುದು) ಒಮ್ಮೆ ಇಣುಕಿ. ಮುಕ್ಕಾಲು ತುಂಬಿದಾಗ ಬದಲಿಸಬೇಕಾದ್ದು. ಬಾಯಿಂದ ಸೂಜಿಗಳು ಹೊರಗೆ ಇಣುಕುತ್ತಿದ್ದರೆ ಅಲ್ಲಿಯ ಆಡಳಿತ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಹೆಪಟೈಟಿಸ್ ಬಿ ಲಸಿಕೆ (0, 1, 6ನೇ ತಿಂಗಳು) ಆಸ್ಪತ್ರೆ ಖರ್ಚಿನಲ್ಲಿ ಕೊಡುತ್ತಾರೆಯೇ? ರಾತ್ರಿ ಬಳಸಿದ ಸೂಜಿ ಕೈಗೆ ಚುಚ್ಚಿದರೆ ಪಿಇಪಿ (ಎಚ್‌ಐವಿ ತಗಲದಂತೆ ತಡೆಯುವ) ಮಾತ್ರೆ ಎಲ್ಲಿಂದ ತರುತ್ತಾರೆ? ಅದನ್ನು 72 ತಾಸಿನೊಳಗೆ, ಆದಷ್ಟೂ ಮೊದಲ ಎರಡು ತಾಸಿನಲ್ಲೇ ಶುರು ಮಾಡಬೇಕು.

ಸಂಬಳದ ವಿಷಯ. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ಕನಿಷ್ಠ 20,000 ರೂ. ಕೊಡಬೇಕೆಂದು 2016ರಲ್ಲಿ ಕೇಂದ್ರದ ಸಮಿತಿ ಶಿಫಾರಸು ಮಾಡಿತ್ತು. ಶಿಫಾರಸು ಅಷ್ಟೇ, ಚೌಕಾಶಿಗೆ ಉಪಯೋಗಕ್ಕೆ ಬರುತ್ತದೆ. 20 ಮಂದಿ ನೌಕರರಿದ್ದರೆ ಪಿಎಫ್ ಕಡ್ಡಾಯ, ಅದು ಚೌಕಾಶಿಯ ಮಾತಲ್ಲ.

ಬಾಂಡ್ (ಇಷ್ಟು ಕಾಲ ಬಿಟ್ಟು ಹೋಗುವುದಿಲ್ಲ ಎಂಬ ಕರಾರು) ಹೆಸರಲ್ಲಿ ಮೂಲ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಮೂಲಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ.