ಒಂದೇ ಭುಜ, ಮೂರು ಸ್ಕ್ಯಾನು

ನನ್ನ ಬಲಭುಜ ಮೊದಲ ಸಲ ಕಳಚಿದ್ದು ಕಬಡ್ಡಿ ಅಂಕಣದಲ್ಲಿ, ನಾಲ್ಕನೇ ಸಲ ಬಸ್ಸಿನಲ್ಲಿ. ಮೇಲಿನ ಕಂಬಿ ಹಿಡಿದಿದ್ದೆ, ಡ್ರೈವರ್ ಬ್ರೇಕ್ ಒತ್ತಿದ, ಭುಜ ಮುಂದಕ್ಕೆ ಜಾರಿತು. ಇನ್ನು ಆಪರೇಷನ್ನೇ ಗತಿ ಎಂದಾಯಿತು. ಅದಕ್ಕೂ ಮೊದಲು ಸ್ಕ್ಯಾನುಗಳ ಸರದಿ.

ಮೊದಲು ಮಾಮೂಲಿ ಎಂಆರ್‌ಐ. ಅರ್ಧ ಗಂಟೆ ಗಡಗಡ ಸದ್ದು ಕೇಳಿಕೊಂಡು ಮಲಗಿದ್ದಕ್ಕೆ ಸಿಕ್ಕ ವರದಿ: ‘ಲೇಬ್ರಮ್ ಹರಿದಿರುವ ಸಾಧ್ಯತೆ’. ಲೇಬ್ರಮ್ ಅಂದರೆ ಭುಜದ ಬಟ್ಟಲಿನ ಅಂಚಿಗೆ ಸುತ್ತಿಕೊಂಡ ಮೆತ್ತನೆ ಪಟ್ಟಿ. ಸಾಧ್ಯತೆಯಂತೆ! ಕಳಚಿದ ಹೊಸತರಲ್ಲಾದರೆ ಕೀಲಿನೊಳಗೆ ತುಂಬಿದ ರಕ್ತ, ನೀರೇ ಹರಿದ ಜಾಗವನ್ನು ಎತ್ತಿ ತೋರಿಸುತ್ತದೆ. ನಾನು ಹೋಗಿದ್ದು ಎರಡು ತಿಂಗಳು ಬಿಟ್ಟು. ಅಷ್ಟರಲ್ಲಿ ಎಲ್ಲ ಇಂಗಿತ್ತು.

ಆಮೇಲೆ ಎಂಆರ್ ಆರ್ತ್ರೋಗ್ರಾಮ್. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಇಳಿಸಿ, ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣಿಸುವ ಗ್ಯಾಡೊಲಿನಿಯಮ್ ಎಂಬ ಮದ್ದು ಬೆರೆಸಿದ ನೀರನ್ನು ಸುಮಾರು 12 ಮಿಲಿ ಕೀಲಿಗೇ ತುಂಬಿದರು. ನೋವಿಗಿಂತ ಬಿಗಿತ, ಗಾಳಿ ಹೆಚ್ಚಾದ ಚೆಂಡಿನ ಹಾಗೆ. ಕಷ್ಟವಾದದ್ದು ಅದಲ್ಲ, ಕೈಯನ್ನು ತಲೆಯ ಹಿಂದೆ ಇಟ್ಟು ಅಲ್ಲಾಡದೆ ಮಲಗಿ ಎಂದಾಗ. ಬಸ್ಸಿನ ಕಂಬಿ ಹಿಡಿದ ಭಂಗಿಯೇ ಅದು! ಬೆವರಿಬಿಟ್ಟೆ. ಆದರೆ ಲೇಬ್ರಮ್‌ಗೂ ಮೂಳೆಗೂ ನಡುವೆ ಬಿಳಿ ಗೆರೆಯಾಗಿ ನುಗ್ಗಿದ ದ್ರವ ನನ್ನಂಥವನ ಕಣ್ಣಿಗೂ ಕಂಡಿತು. 1923ರಲ್ಲೇ ಲಂಡನ್ನಿನ ಸರ್ಜನ್ ಬ್ಯಾಂಕಾರ್ಟ್ ಬರೆದಿಟ್ಟ ಗಾಯ.

ಮೂರನೆಯದು ಸಿಟಿ ಸ್ಕ್ಯಾನ್, ಐದೇ ನಿಮಿಷ. ಲೇಬ್ರಮ್ ವಿಷಯಕ್ಕೆ ದಂಡ. ಆದರೆ ಕಂಪ್ಯೂಟರಿನಲ್ಲಿ ತೋಳಿನ ಮೂಳೆಯ ಗುಂಡು ತುದಿಯನ್ನು ಅಳಿಸಿ, ಭುಜದ ಬಟ್ಟಲನ್ನು ಎದುರಿನಿಂದ ತೋರಿಸಿ, ಮೇಲೊಂದು ವೃತ್ತ ಎಳೆದು, ಮೂಳೆ ಎಷ್ಟು ಸವೆದಿದೆ ಎಂದು ಅಳೆಯುತ್ತಾರೆ. ನನ್ನದು ಶೇ 9. ಶೇ 20-25 ದಾಟಿದರೆ ಬರೀ ಹೊಲಿಗೆ ನಿಲ್ಲುವುದಿಲ್ಲ, ಲಟರ್ಜೆ ಎಂಬ, ಮೂಳೆ ತುಂಡು ಕೂರಿಸುವ ಆಪರೇಷನ್ ಬೇಕು. ಈಚೆಗೆ ಶೇ 13.5 ಆದರೂ ಎಚ್ಚರ ಎನ್ನುತ್ತಾರೆ. ಹಾಗಾಗಿ ನನಗೆ ನಂಬಿಕೆ ಬಂದದ್ದು ಆರ್ತ್ರೋಗ್ರಾಮ್‌ನಿಂದ, ಯಾವ ಆಪರೇಷನ್ ಅಂತ ತೀರ್ಮಾನವಾದದ್ದು ಸಿಟಿಯಿಂದ. ಪದೇ ಪದೇ ಭುಜ ಕಳಚುವ ಕಬಡ್ಡಿ ಹುಡುಗರು ಕೇಳಿದರೆ ಸಿಟಿ ಬಿಡಬೇಡಿ ಅಂತಲೇ ಹೇಳುತ್ತೇನೆ.

ಆರ್ತ್ರೋಸ್ಕೋಪಿಯಲ್ಲಿ, ಅಂದರೆ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್ನಿನಲ್ಲಿ, ಮೂರು ತೂತು, ಹೊಲಿಗೆಯನ್ನು ಮೂಳೆಗೆ ಹಿಡಿಸುವ ಮೂರು ಆಂಕರ್, ಆರು ವಾರ ಕೈಗೆ ಜೋಳಿಗೆ. ಲೋಹದ ಆಂಕರ್ ಅಲ್ಲ. ಲೋಹವಾದರೆ ಮುಂದಿನ ಎಂಆರ್‌ಐನಲ್ಲಿ ಸುತ್ತಲೂ ಕಪ್ಪು ಕಲೆ.

ವರ್ಷದ ಮೇಲೆ ಮತ್ತೆ ಎಂಆರ್‌ಐ. ‘ಲೇಬ್ರಮ್ ಅಂಚು ಅಸಮ’ ಎಂದಿತ್ತು. ಎರಡು ರಾತ್ರಿ ನಿದ್ದೆ ಇಲ್ಲ. ಸರ್ಜನ್ ಅದನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಹೊಲಿದ ಲೇಬ್ರಮ್ ಮೊದಲಿನಷ್ಟು ನಯವಾಗಿ ಕಾಣುವುದಿಲ್ಲವಂತೆ. ನನ್ನ ಕೈಯನ್ನು ಪಕ್ಕಕ್ಕೆ ಎತ್ತಿ ಹಿಂದಕ್ಕೆ ತಿರುಗಿಸುತ್ತಾ ನೋಡಿದ್ದು ನನ್ನ ಮುಖವನ್ನು, ಹೆದರುತ್ತೇನೆಯೇ ಎಂದು. ಆಮೇಲೆ ಕಳಚುವ ಭುಜದ ತೊಂದರೆ ಅಳೆಯಲು ಕೆನಡಾದಲ್ಲಿ ಮಾಡಿದ ವೋಸಿ ಎಂಬ 21 ಪ್ರಶ್ನೆಗಳ ಹಾಳೆ ಕೊಟ್ಟರು. ಪ್ರತಿ ಪ್ರಶ್ನೆಗೂ ಒಂದು ಗೆರೆಯ ಮೇಲೆ ಗುರುತು ಹಾಕಬೇಕು. ಒಟ್ಟು 2100, ಕಡಿಮೆ ಬಂದಷ್ಟೂ ಒಳ್ಳೆಯದು. ಆಪರೇಷನ್‌ಗೆ ಮುಂಚೆ 1340 ಇದ್ದದ್ದು ಈಗ 310. ಭುಜದ ಮೇಲೆ ಬೀಳುವ ಭಯ ಎಷ್ಟು ಎಂಬ ಪ್ರಶ್ನೆಗೆ ಮಾತ್ರ ಗೆರೆಯ ನಟ್ಟನಡುವೆ ಗುರುತು ಹಾಕಿದೆ. ಯಾವ ಸ್ಕ್ಯಾನಿನಲ್ಲೂ ಇದು ಬಂದಿರಲಿಲ್ಲ. ಅಂಕಣಕ್ಕೆ ಮರಳಿದ್ದೇನೆ, ಬಸ್ಸಿನಲ್ಲಿ ಮಾತ್ರ ಕಂಬಿ ಹಿಡಿಯುವುದು ಈಗಲೂ ಎಡಗೈಯಲ್ಲೇ.