ರಕ್ಷಣಾ ಆದೇಶದ ಕೊನೆಯ ಸಾಲನ್ನು ಓದಿದ್ದೀರಾ?

ಗಂಡನ ಹಿಂಸೆ ತಾಳಲಾರದೆ ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆದವರು ನಿಮ್ಮ ಮನೆಯಲ್ಲಿದ್ದರೆ, ಆ ಕಾಗದದ ಕೊನೆಯ ಸಾಲನ್ನು ಇಂದೇ ಓದಿ. ‘ಮುಂದಿನ ವಿಚಾರಣೆಯವರೆಗೆ’ ಎಂದಿದ್ದರೆ ಆದೇಶದ ಆಯುಷ್ಯ ಅಷ್ಟೇ.

ಗದಗ-ಬೆಟಗೇರಿಯ ತವರಿಗೆ ಮರಳಿದ ನನ್ನ ಅಕ್ಕನಿಗೆ ಸಿಕ್ಕಿದ್ದು ಇಂಥ ಮಧ್ಯಂತರ ಆದೇಶ. ಭಾವ ನಮ್ಮ ಮನೆಗಾಗಲಿ, ಅಕ್ಕ ದುಡಿಯುವ ಹೊಲಿಗೆ ಅಂಗಡಿಗಾಗಲಿ ಕಾಲಿಡುವಂತಿರಲಿಲ್ಲ. ‘ಇನ್ನು ನಿಶ್ಚಿಂತೆಯಿಂದಿರಿ’ ಎಂದರು ವಕೀಲರು. ಮುಂದಿನ ತಾರೀಖಿಗೆ ನ್ಯಾಯಾಧೀಶರು ರಜೆಯಲ್ಲಿದ್ದರು. ಪ್ರಕರಣಕ್ಕೆ ಇನ್ನೊಂದು ತಾರೀಖು ಬಿತ್ತು; ಆದೇಶವನ್ನು ವಿಸ್ತರಿಸಿ ಎಂದು ವಕೀಲರು ಕೇಳಲೇ ಇಲ್ಲ.

ನಮಗದು ತಿಳಿದದ್ದು ಭಾವ ರಾತ್ರಿ ಬಂದು ಬಾಗಿಲು ಒದ್ದ ಮೇಲೆ. ಠಾಣೆಯಲ್ಲಿ ಹವಾಲ್ದಾರರು ಕಾಗದವನ್ನು ಬೆಳಕಿಗೆ ಹಿಡಿದು, ತಾರೀಖಿನ ಮೇಲೆ ಬೆರಳಿಟ್ಟು, ‘ಇದು ಮುಗಿದಿದೆ ತಂಗಿ, ವಕೀಲರನ್ನು ಕೇಳು’ ಎಂದು ಮಡಚಿ ಕೊಟ್ಟರು. ಆದೇಶ ಮುಗಿದರೂ ಮನೆಗೆ ಬಂದು ಬೆದರಿಸುವುದು ಅಪರಾಧವೇ. ಆ ದೂರನ್ನಾದರೂ ಬರೆದುಕೊಳ್ಳಬೇಕಿತ್ತು. ವಕೀಲರಂತೂ ‘ಮುಂದಿನ ತಾರೀಖಿಗೆ ನೋಡೋಣ’ ಎಂದರು. ಒದೆ ಬಿದ್ದದ್ದು ಅವರ ಬಾಗಿಲಿಗಲ್ಲವಲ್ಲ!

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 18ನೇ ಕಲಮಿನಡಿ ಸಿಗುವ ಅಂತಿಮ ಆದೇಶ, ನೊಂದವಳೇ ರದ್ದು ಕೋರುವವರೆಗೆ ಜಾರಿಯಲ್ಲಿರುತ್ತದೆ. ಫಜೀತಿಯೆಲ್ಲ 23ನೇ ಕಲಮಿನ ಮಧ್ಯಂತರ ಆದೇಶದ್ದು. ಅರ್ಜಿಯನ್ನು 60 ದಿನಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ನಿಜ. ನ್ಯಾಯಾಲಯದ ಪಡಸಾಲೆಯಲ್ಲಿ ಈ ಮಾತು ಆಡಿ ನೋಡಿ, ನಗುತ್ತಾರೆ.

ಆದ್ದರಿಂದ ‘ಅರ್ಜಿ ಇತ್ಯರ್ಥವಾಗುವವರೆಗೆ’ ಎಂದೇ ಆದೇಶ ಕೇಳಿಸಿ. ಅದು ಸಿಗದಿದ್ದರೆ ಪ್ರತಿ ತಾರೀಖಿಗೂ ‘ಮಧ್ಯಂತರ ಆದೇಶ ವಿಸ್ತರಿಸಲಾಗಿದೆ’ ಎಂಬ ಸಾಲು ದಾಖಲಾಗಿದೆಯೇ ಎಂದು ಕಣ್ಣಾರೆ ನೋಡಿ. ನ್ಯಾಯಾಧೀಶರು ರಜೆಯಲ್ಲಿದ್ದರೆ, ಪ್ರಭಾರದಲ್ಲಿರುವ ನ್ಯಾಯಾಲಯದ ಮುಂದೆ ವಿಸ್ತರಣೆ ಕೇಳುವಂತೆ ವಕೀಲರ ಬೆನ್ನು ಹತ್ತಿ. ಆದೇಶದ ಪ್ರತಿ ನಿಮಗೂ ಠಾಣೆಗೂ ಉಚಿತ. ಜಾರಿಯಲ್ಲಿರುವ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ವಕೀಲರು ಕೈಕೊಟ್ಟರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅಕ್ಕನ ಈಗಿನ ವಕೀಲೆ ಸಿಕ್ಕಿದ್ದು ಅಲ್ಲಿಂದಲೇ. ಕಡತ ಬಿಚ್ಚಿದವರೇ ಅವರು ಮೊದಲು ಕೇಳಿದ್ದು, ‘ಆದೇಶ ಯಾವಾಗಿನವರೆಗೆ ಇತ್ತು?’ ಎಂದು.